ಉತ್ತರ ಬರ್ಲಿಲ್ಲ ಅಂದ್ರೆ ಎಂತ ಮಾಡ್ತೀರಿ?

"ನಮ್ಮ ಆ್ಯಪಿಗೆ ರೆಸ್ಟ್ ಸಾಕಾ, ಕಾಫ್ಕಾ ಹಾಕ್ಬೇಕಾ?" ಅಂತ ಕೇಳೋರು ಈಗ ಜಾಸ್ತಿ ಆಗಿದಾರೆ. ರೆಸ್ಟ್ ಅಂದ್ರೆ ಸರ್ವರನ್ನ ಕೇಳಿ ಉತ್ತರಕ್ಕೆ ಕಾಯೋ ರೀತಿ, ಕಾಫ್ಕಾ ಅಂದ್ರೆ ಮೆಸೇಜ್ ಬರ್ದಿಟ್ಟು ಬೇಕಾದವ್ರಿಗೆ ಹಂಚೋ ಸಾಫ್ಟ್‌ವೇರ್. ಬೆಂಗಳೂರಲ್ಲಿ ಕೆಲಸಕ್ಕಿರೋ ನಮ್ಮ ಶಿರಸಿ ಕಡೆ ಹುಡುಗ್ರು ರಜೆಗೆ ಊರಿಗೆ ಬಂದಾಗ ಕೇಳ್ತಾರೆ, ವಾಟ್ಸಾಪಲ್ಲೂ ಕೇಳ್ತಾರೆ. ನಾನು ತಿರುಗಿ ಕೇಳೋದು ಒಂದೇ ಪ್ರಶ್ನೆ, ಕ್ಲೈಂಟ್, ಅಂದ್ರೆ ಬಳಸೋರ ಕೈಲಿರೋ ಆ್ಯಪು, ಸರ್ವರಿಗೆ ಒಂದು ರಿಕ್ವೆಸ್ಟ್ ಕಳ್ಸಿದೆ, ಉತ್ತರ ಬರ್ಲಿಲ್ಲ, ಈಗ ಎಂತ ಮಾಡ್ತೀರಿ? ಹೆಚ್ಚಿನವ್ರು "ಎರರ್ ತೋರಿಸ್ತೀವಿ" ಅಂತಾರೆ. ಎರರ್ ಆಗಿದೆ ಅಂತ ಹೆಂಗೆ ಗೊತ್ತಾಯ್ತು ಮಾರಾಯಾ, ಉತ್ತರ ಬರ್ಲಿಲ್ಲ ಅಷ್ಟೇ ಅಲ್ವಾ, ಕೆಲಸ ಆಗಿಲ್ಲ ಅಂತ ಯಾರು ಹೇಳಿದ್ದು? ಇಲ್ಲಿಗೆ ಬಂದ್ಮೇಲೆ ಸ್ವಲ್ಪ ಹೊತ್ತು ಸುಮ್ನಾಗ್ತಾರೆ. ರೆಸ್ಟೋ ಕ್ಯೂನೋ ಪಬ್‌ಸಬ್ಬೋ (ಕ್ಯೂ, ಪಬ್‌ಸಬ್ ಅಂದ್ರೆ ಎಂತ ಅಂತ ಮುಂದೆ ಹೇಳ್ತೀನಿ) ಅನ್ನೋದೆಲ್ಲ ಈ ಪ್ರಶ್ನೆ ಆದ್ಮೇಲೆ ಬರೋ ವಿಷಯ, ಹಂಗಾಗಿ ಈ ಪೋಸ್ಟು.

ನಾನು ಕೆಲಸ ಮಾಡ್ತಿರೋದು ಅಡಿಕೆ ಖರೀದಿ ಸಾಫ್ಟ್‌ವೇರಲ್ಲಿ. ಹಳ್ಳಿ ಕಡೆ ತೂಕದ ಕೇಂದ್ರ ಇರತ್ತೆ, ಅಲ್ಲಿ ಒಂದು ಟ್ಯಾಬ್, ಒಂದು ಬ್ಲೂಟೂತ್ ತಕ್ಕಡಿ, ರೈತ್ರು ಚಾಲಿನೋ ರಾಶಿನೋ ಬೆಟ್ಟೆನೋ ತಗೊಂಡು ಬರ್ತಾರೆ, ತೂಕ ಆಗತ್ತೆ, ಚೀಟಿ ಪ್ರಿಂಟ್ ಆಗತ್ತೆ, ಎಂಟ್ರಿ ಮುಂಬೈಲಿರೋ ಕ್ಲೌಡ್ ಸರ್ವರಿಗೆ ಹೋಗ್ಬೇಕು. ವಾನಳ್ಳಿ ಕಡೆಯಿಂದ ಮುಂಬೈಗೆ ಡೇಟಾ ಹೋಗೋದು ದೊಡ್ಡ ವಿಷಯ ಅಲ್ಲ, ಮಳೆಗಾಲದಲ್ಲಿ ಕರೆಂಟ್ ಹೋಗಿ ಟವರಿನ ಬ್ಯಾಟರಿ ಖಾಲಿ ಆಗಿ ಸಿಗ್ನಲ್ಲು ಒಂದು ಕಡ್ಡಿಗೆ ಇಳ್ದಾಗ ಹೋಗ್ಬೇಕು ನೋಡಿ, ಅದು ವಿಷಯ. ಆಫೀಸಿನ ಫೈಬರಲ್ಲಿ ಕೂತು ಟೆಸ್ಟ್ ಮಾಡೋರಿಗೆ ಈ ಒಂದು ಕಡ್ಡಿ ಸಿಗ್ನಲ್ಲಿನ ಸ್ವಭಾವ ಅರ್ಥ ಆಗಲ್ಲ. ಪೂರ್ತಿ ಸಿಗ್ನಲ್ ಇಲ್ಲ ಅಂದ್ರೆ ಒಳ್ಳೇದು, ಆ್ಯಪಿಗೆ ಗೊತ್ತಾಗತ್ತೆ, ಸುಮ್ನೆ ಕೂರತ್ತೆ. ಅರ್ಧಂಬರ್ಧ ಇದ್ರೇ ಕಷ್ಟ, ಯಾಕಂದ್ರೆ ಆಗ ರಿಕ್ವೆಸ್ಟ್ ಹೋಗತ್ತೆ, ಉತ್ತರ ಬರಲ್ಲ.

ರಿಕ್ವೆಸ್ಟ್-ರಿಪ್ಲೈ ಅನ್ನೋದು ಎಲ್ಲಾರಿಗೂ ಗೊತ್ತಿರೋ ಪ್ಯಾಟರ್ನ್. ಕ್ಲೈಂಟ್ ಕೇಳತ್ತೆ, ಕಾಯತ್ತೆ, ಸರ್ವರ್ ಹೇಳತ್ತೆ. ಬ್ರೌಸರಿಂದ ಹಿಡಿದು ಬ್ಯಾಂಕ್ ಆ್ಯಪ್ ತನಕ ಮುಕ್ಕಾಲು ಪಾಲು ಇದೇ. ಇದು ಎಷ್ಟು ಸಲೀಸು ಅನ್ಸತ್ತೆ ಅಂದ್ರೆ 1984ರಲ್ಲಿ ಬಿರೆಲ್ ಮತ್ತೆ ನೆಲ್ಸನ್ ರಿಮೋಟ್ ಪ್ರೊಸೀಜರ್ ಕಾಲ್ ಬಗ್ಗೆ ಪೇಪರ್ ಬರ್ದಾಗ ಅವರ ಆಸೆನೂ ಅದೇ ಇತ್ತು, ದೂರದ ಮಷೀನಲ್ಲಿರೋ ಫಂಕ್ಷನ್ನನ್ನ ನಮ್ಮದೇ ಪ್ರೋಗ್ರಾಮ್ ಒಳಗಿನ ಫಂಕ್ಷನ್ ತರ ಕರೀಬೇಕು ಅಂತ. ಹತ್ತು ವರ್ಷ ಆದ್ಮೇಲೆ 1994ರಲ್ಲಿ ಸನ್ ಕಂಪನಿಯ ಜಿಮ್ ವಾಲ್ಡೋ ಮತ್ತೆ ಅವರ ಜೊತೆಯವ್ರು ಇನ್ನೊಂದು ಪೇಪರ್ ಬರ್ದು, ಇಲ್ಲ, ಲೋಕಲ್ ಕಾಲು ರಿಮೋಟ್ ಕಾಲು ಎರಡೂ ಒಂದೇ ಅಂತ ನಾಟಕ ಮಾಡ್ಬೇಡಿ, ರಿಮೋಟಲ್ಲಿ ಅರ್ಧ ಸತ್ತು ಅರ್ಧ ಬದುಕಿರೋ ಸ್ಥಿತಿ ಇರತ್ತೆ, ಅದನ್ನ ಮುಚ್ಚಿಡೋಕೆ ಆಗಲ್ಲ ಅಂದ್ರು. ಅದೇ ಸನ್ ಕಂಪನಿಯಲ್ಲಿದ್ದ ಪೀಟರ್ ಡಾಯ್ಚ್ ಅವರು ಹೊಸಬ್ರು ಮಾಡ್ಕೊಳ್ಳೋ ತಪ್ಪು ನಂಬಿಕೆಗಳು ಅಂತ ಪಟ್ಟಿ ಮಾಡಿದಾರಲ್ಲ, ಅದ್ರಲ್ಲಿ ಮೊದಲ್ನೇದೇ "ನೆಟ್‌ವರ್ಕ್ ನಂಬಬಹುದು" ಅನ್ನೋದು. ಅವರು ಮಳೆಗಾಲದಲ್ಲಿ ದೇವಿಮನೆ ಘಟ್ಟ ಇಳ್ದಿರ್ಲಿಕ್ಕಿಲ್ಲ, ಆದ್ರೂ ಸರಿಯಾಗೇ ಹೇಳಿದಾರೆ.

ಉತ್ತರ ಬರ್ಲಿಲ್ಲ ಅಂದ್ರೆ ಮೂರು ತರ ಆಗಿರಬಹುದು. ರಿಕ್ವೆಸ್ಟೇ ಸರ್ವರ್ ತನಕ ಹೋಗಿಲ್ಲ. ಅಥವಾ ಹೋಗಿದೆ, ಸರ್ವರ್ ಅರ್ಧ ಕೆಲಸ ಮಾಡಿ ಬಿದ್ದೋಗಿದೆ. ಅಥವಾ ಕೆಲಸ ಪೂರ್ತಿ ಆಗಿದೆ, ಉತ್ತರ ವಾಪಸ್ ಬರುವಾಗ ದಾರಿಲಿ ಹೋಯ್ತು. ಟ್ಯಾಬ್ ಹಿಡ್ಕೊಂಡು ಕೂತವ್ನಿಗೆ ಮೂರೂ ಒಂದೇ ತರ ಕಾಣತ್ತೆ, ಚಕ್ರ ತಿರುಗ್ತಾ ಇರತ್ತೆ ಅಷ್ಟೇ. ಇದನ್ನ ಜಾಣತನದಿಂದ ಬಗೆಹರಿಸೋಕಾಗತ್ತಾ ಅಂದ್ರೆ ಆಗಲ್ಲ, ಆಗಲ್ಲ ಅಂತ ಸಾಬೀತೇ ಆಗಿದೆ. ಎರಡು ಗುಡ್ಡದ ಮೇಲೆ ಎರಡು ಸೈನ್ಯ, ನಡುವಿನ ಕಣಿವೆಲಿ ಶತ್ರು, ಒಟ್ಟಿಗೆ ದಾಳಿ ಮಾಡ್ಬೇಕು, ದೂತನ್ನ ಕಳ್ಸಿದ್ರೆ ಅವ್ನು ಸಿಕ್ಕಿಬೀಳಬಹುದು, ಅವ್ನು ತಲುಪ್ದ ಅಂತ ಹೇಳೋಕೆ ಬರೋ ದೂತನೂ ಸಿಕ್ಕಿಬೀಳಬಹುದು, ಹಿಂಗೆ ಎಷ್ಟು ದೂತರನ್ನ ಓಡಾಡಿಸಿದ್ರೂ ಇಬ್ರಿಗೂ ಪೂರ್ತಿ ಖಾತ್ರಿ ಬರಲ್ಲ. 1975ರ ಒಂದು ಪೇಪರಲ್ಲಿ ಬಂದ ವಿಷಯ ಇದು, 1978ರಲ್ಲಿ ಜಿಮ್ ಗ್ರೇ ಬರ್ದಿದ್ರಿಂದ ಟು ಜನರಲ್ಸ್ ಅನ್ನೋ ಹೆಸರು ನಿಂತ್ಕೊಂಡ್ತು. ಹಂಗಾಗಿ ರಿಪ್ಲೈ ಕಳೆದುಹೋಗೋದು ಅಪರೂಪದ ಬಗ್ ಅಲ್ಲ, ಅದು ಆಗೇ ಆಗತ್ತೆ ಅಂತ್ಲೇ ಡಿಸೈನ್ ಶುರು ಮಾಡ್ಬೇಕು. ಆಯ್ತು, ಆಗಿಲ್ಲ, ಗೊತ್ತಿಲ್ಲ, ಈ ಮೂರು ಸ್ಥಿತಿ ನಿಮ್ಮ ಸ್ಕ್ರೀನಲ್ಲೂ ಇರ್ಬೇಕು ಡೇಟಾಬೇಸಲ್ಲೂ ಇರ್ಬೇಕು. ಎರಡೇ ಬಣ್ಣ ಇಟ್ಟು, ಹಸಿರಲ್ಲದ್ದೆಲ್ಲ ಕೆಂಪು ಅಂತ ಮಾಡೋ ಆ್ಯಪುಗಳನ್ನ ಕಂಡ್ರೆ ನಂಗೆ ಸಿಟ್ಟು ಬರತ್ತೆ.

ಯುಪಿಐ ಇದನ್ನ ಜನಸಾಮಾನ್ಯರಿಗೇ ಕಲಿಸಿಬಿಟ್ಟಿದೆ. 2016ರಲ್ಲಿ ಶುರುವಾದಾಗ ಯಾರಿಗೂ "ಪೆಂಡಿಂಗ್" ಅಂದ್ರೆ ಎಂತ ಅಂತ ಗೊತ್ತಿರ್ಲಿಲ್ಲ, ಈಗ ಮಾರಿಕಾಂಬಾ ಜಾತ್ರೆಲಿ ಬಳೆ ಮಾರೋರೂ "ಪೆಂಡಿಂಗಲ್ಲಿದೆ, ಸ್ವಲ್ಪ ತಡೀರಿ, ಇನ್ನೊಂದ್ಸಲ ಹಾಕ್ಬೇಡಿ" ಅಂತಾರೆ. ಅದೆಷ್ಟು ಸರಿಯಾದ ಇಂಜಿನಿಯರಿಂಗ್ ಸಲಹೆ ನೋಡಿ. ಯುಪಿಐ ಒಳಗಡೆನೂ ಒಂದೇ ಕಾಲಲ್ಲಿ ಎಲ್ಲ ಮುಗಿಯಲ್ಲ, ಪಾವತಿ ಕೋರಿಕೆ ಹೋದಾಗ ಮೊದಲು "ತಲುಪ್ತು" ಅಂತ ಒಂದು ಆ್ಯಕ್ ಬರತ್ತೆ, ನಿಜವಾದ ಫಲಿತಾಂಶ ಆಮೇಲೆ ಬೇರೆ ಮೆಸೇಜಾಗಿ ಬರತ್ತೆ, ಅದೂ ಬರ್ಲಿಲ್ಲ ಅಂದ್ರೆ ಟ್ರಾನ್ಸಾಕ್ಷನ್ ಐಡಿ ಹಿಡಿದು "ಇದು ಎಂತ ಆಯ್ತು" ಅಂತ ವಿಚಾರಿಸೋಕೆ ಇನ್ನೊಂದು ಎಪಿಐ, ಅಂದ್ರೆ ಒಂದು ಪ್ರೋಗ್ರಾಮ್ ಇನ್ನೊಂದನ್ನ ಕೇಳೋ ಬಾಗಿಲು, ಇದೆ. ಈ ವಿಚಾರಿಸೋ ಎಪಿಐ ನಂಗೆ ಬಹಳ ಇಷ್ಟ, ಎಷ್ಟೋ ಟೀಮುಗಳು ಸೇವ್ ಮಾಡೋ ಎಪಿಐ ಬರೀತಾರೆ, ಸೇವ್ ಆಯ್ತಾ ಅಂತ ಕೇಳೋ ಎಪಿಐ ಬರಿಯೋದೇ ಇಲ್ಲ. ಇದ್ರ ಮೇಲೆ ಆರ್‌ಬಿಐ 2019ರ ಸೆಪ್ಟೆಂಬರಲ್ಲಿ ಒಂದು ಸುತ್ತೋಲೆ ತಂತು, ಒಬ್ರಿಂದ ಇನ್ನೊಬ್ರಿಗೆ ಕಳಿಸುವಾಗ ಖಾತೆಯಿಂದ ದುಡ್ಡು ಹೋಗಿ ಆ ಕಡೆ ಜಮಾ ಆಗ್ಲಿಲ್ಲ ಅಂದ್ರೆ ಮಾರನೇ ದಿನದ ಒಳಗೆ ವಾಪಸ್ ಹಾಕ್ಬೇಕು, ಅಂಗಡಿ ಪಾವತಿ ಆದ್ರೆ 5 ದಿನದ ಒಳಗೆ, ತಡ ಆದ್ರೆ ದಿನಕ್ಕೆ 100 ರೂಪಾಯಿ ಪರಿಹಾರ. ಗೊತ್ತಿಲ್ಲ ಅನ್ನೋ ಸ್ಥಿತಿಲಿ ಎಷ್ಟು ದಿನ ಇರಬಹುದು ಅಂತ ಕಾನೂನೇ ಟೈಮೌಟ್ ಹಾಕ್ತು ಅನ್ನಿ.

ಸರಿ, ಉತ್ತರ ಬರ್ಲಿಲ್ಲ, ಮತ್ತೆ ಕಳಿಸ್ತೀವಿ ಅಂತಿಟ್ಕೊಳ್ಳಿ. ಆಗ ಒಂದೇ ತೂಕ ಎರಡು ಸಲ ಜಮಾ ಆಗ್ಬಾರ್ದು. ಎಚ್‌ಟಿಟಿಪಿಲಿ (ವೆಬ್ಬಲ್ಲಿ ಕ್ಲೈಂಟು ಸರ್ವರು ಮಾತಾಡೋ ಪ್ರೋಟೋಕಾಲು) ಗೆಟ್, ಪುಟ್, ಡಿಲೀಟ್ ಅನ್ನೋ ರಿಕ್ವೆಸ್ಟುಗಳು ಎಷ್ಟು ಸಲ ಮಾಡಿದ್ರೂ ಒಂದು ಸಲ ಮಾಡಿದ ಹಂಗೇ ಇರ್ಬೇಕು ಅಂತ ನಿಯಮ, ಇದಕ್ಕೆ ಐಡೆಂಪೊಟೆಂಟ್ ಅಂತಾರೆ. ಪೋಸ್ಟ್ ಅನ್ನೋ ಇನ್ನೊಂದು ತರದ ರಿಕ್ವೆಸ್ಟಿಗೆ ಆ ಭರವಸೆ ಇಲ್ಲ, ಮತ್ತೆ ನಾವೆಲ್ಲ ಮುಖ್ಯವಾದ ಕೆಲಸಕ್ಕೆ ಬಳಸೋದು ಪೋಸ್ಟನ್ನೇ.

ಇಲ್ಲಿ ಬಹಳ ಜನ ಮೊದಲು ಯೋಚ್ನೆ ಮಾಡೋದು ಎಂತ ಅಂದ್ರೆ, ಅದೇ ರೈತ, ಅದೇ ತೂಕ, ಅದೇ ನಿಮಿಷ ಅಂದ್ರೆ ಡೂಪ್ಲಿಕೇಟ್, ತೆಗೆದು ಹಾಕೋಣ ಅಂತ. ಅಡಿಕೆಲಿ ಇದು ನಡಿಯಲ್ಲ ಮಾರಾಯ್ರೆ. ಮನೇಲೇ ತೂಕ ಮಾಡಿ ಒಂದೇ ಲೆಕ್ಕಕ್ಕೆ ಚೀಲ ಕಟ್ಕೊಂಡು ಬರೋರು ಎಷ್ಟು ಜನ ಇಲ್ಲ, ಒಬ್ರದ್ದೇ ಎರಡು ಚೀಲ, ಎರಡೂ ಚಾಲಿ, ತೂಕ ಗ್ರಾಂ ಬಿಟ್ಟು ಗ್ರಾಂ ಅದೇ, ಒಂದರ ಹಿಂದೆ ಒಂದು ತಕ್ಕಡಿ ಹತ್ತತ್ತೆ. ಒಳಗಿರೋ ಮಾಹಿತಿ ನೋಡಿ ಡೂಪ್ಲಿಕೇಟ್ ಅಂತ ತೀರ್ಮಾನ ಮಾಡಿದ್ರೆ ಒಂದು ಚೀಲ ಮಾಯ, ಆಮೇಲೆ ಆ ರೈತ್ರಿಗೆ ಉತ್ತರ ಹೇಳೋರು ಯಾರು. ಹಂಗಾಗಿ ಗುರುತು ಹೊರಗಿಂದ ಬರ್ಬೇಕು, ಅದನ್ನ ಕ್ಲೈಂಟೇ ಹುಟ್ಟಿಸ್ಬೇಕು. ಕೇಂದ್ರದವ್ನು ಸೇವ್ ಒತ್ತಿದ ಕ್ಷಣ ಟ್ಯಾಬ್ ಒಳಗೇ ಒಂದು ಯುಯುಐಡಿ, ಅಂದ್ರೆ ಬೇರೆ ಯಾವುದಕ್ಕೂ ಬರದ ಹಂಗೆ ಮಾಡಿದ ಉದ್ದದ ಗುರುತು, ಹುಟ್ಟತ್ತೆ, ಎಂಟ್ರಿ ಜೊತೆ ಟ್ಯಾಬ್ ಒಳಗಿನ ಎಸ್‌ಕ್ಯೂಲೈಟ್ ಅನ್ನೋ ಸಣ್ಣ ಡೇಟಾಬೇಸಲ್ಲಿ ಕೂರತ್ತೆ, ಆಮೇಲೆ ನೆಟ್‌ವರ್ಕ್ ಕಡೆ ತಲೆ ಹಾಕೋದು. ಎಷ್ಟು ಸಲ ಕಳ್ಸಿದ್ರೂ ಅದೇ ಐಡಿ. ಪ್ರತಿ ಸಲ ಕಳಿಸುವಾಗ ಹೊಸ ಐಡಿ ಹಾಕೋ ಕೋಡ್ ನೋಡಿದೀನಿ, ಅದು ಇದ್ರೂ ಒಂದೇ ಇಲ್ದಿದ್ರೂ ಒಂದೇ. ನಾವು ಬಳಸೋದು ವರ್ಷನ್ 7ರ ಯುಯುಐಡಿ, 2024ರಲ್ಲಿ ಅಧಿಕೃತ ಆರ್‌ಎಫ್‌ಸಿ (ಇಂಟರ್ನೆಟ್ಟಿನ ನಿಯಮದ ದಾಖಲೆ) ಆಗಿದ್ದು, ಮುಂದೆ ಟೈಮ್ ಇರೋದ್ರಿಂದ ಡೇಟಾಬೇಸಲ್ಲಿ ಸಾಲಾಗಿ ಕೂರತ್ತೆ. ಆ ಐಡಿಯ ಕೊನೇ ಆರು ಅಕ್ಷರ ತೂಕದ ಚೀಟಿ ಮೇಲೂ ಪ್ರಿಂಟ್ ಆಗತ್ತೆ, ರೈತ್ರು ಫೋನ್ ಮಾಡಿದ್ರೆ ಅದನ್ನ ಓದಿಸ್ಕೊಂಡು ಲಾಗಲ್ಲಿ ಹುಡುಕ್ತೀವಿ.

ಸರ್ವರ್ ಕಡೆ ಮಾಡೋದು ಕಷ್ಟ ಅಲ್ಲ, ಆದ್ರೆ ಎರಡು ಕಡೆ ಎಡವ್ತಾರೆ. ಐಡಿ ನೋಡಿ, ಇಲ್ಲ ಅಂದ್ರೆ ಸೇರಿಸಿ, ಅಂತ ಎರಡು ಹೆಜ್ಜೆಲಿ ಬರೀತಾರೆ, ಆಗ ಎರಡು ರಿಕ್ವೆಸ್ಟ್ ಒಟ್ಟಿಗೇ ಬಂದ್ರೆ ಇಬ್ರಿಗೂ "ಇಲ್ಲ" ಅಂತ್ಲೇ ಕಾಣತ್ತೆ. ಐಡಿ ಮೇಲೆ ಯೂನಿಕ್ ಕನ್‌ಸ್ಟ್ರೇಂಟ್ (ಒಂದು ಐಡಿ ಎರಡು ಸಲ ಸೇರಬಾರ್ದು ಅನ್ನೋ ನಿಯಮ) ಹಾಕಿ, ತೂಕದ ಎಂಟ್ರಿ ಮತ್ತೆ ಐಡಿ ಎರಡನ್ನೂ ಒಂದೇ ಟ್ರಾನ್ಸಾಕ್ಷನಲ್ಲಿ, ಅಂದ್ರೆ ಆದ್ರೆ ಎರಡೂ ಇಲ್ಲಾಂದ್ರೆ ಎರಡೂ ಇಲ್ಲ ಅನ್ನೋ ಹಂಗೆ, ಹಾಕಿದ್ರೆ ಡೇಟಾಬೇಸೇ ಪಂಚಾಯ್ತಿಕೆ ಮಾಡತ್ತೆ. ಎರಡನೇದು, ಎರಡನೇ ಸಲ ಬಂದಾಗ "ಡೂಪ್ಲಿಕೇಟ್" ಅಂತ ಎರರ್ ಕೊಡ್ತಾರೆ. ಕ್ಲೈಂಟ್ ಕಣ್ಣಲ್ಲಿ ಅದು ಮೊದಲ್ನೇ ಸಲ ಸಿಕ್ತಾ ಇರೋ ಉತ್ತರ, ಮೊದಲ ಸಲ ಏನು ಕೊಡ್ಬೇಕಿತ್ತೋ ಅದನ್ನೇ ಕೊಡಿ. ಸ್ಟ್ರೈಪ್ ಅನ್ನೋ ಪೇಮೆಂಟ್ ಕಂಪನಿ ಐಡೆಂಪೊಟೆನ್ಸಿ ಕೀ ಅನ್ನೋ ಹೆಡರ್ ಮೂಲಕ ಇದನ್ನ ಮಾಡಿದ ರೀತಿ ಓದಿ, ಮೊದಲ ಉತ್ತರನ ಇಟ್ಕೊಂಡಿದ್ದು ಅದನ್ನೇ ವಾಪಸ್ ಕೊಡತ್ತೆ, ಅದೇ ಕೀ ಹಾಕಿ ಬೇರೆ ಮೊತ್ತ ಕಳ್ಸಿದ್ರೆ ಮಾತ್ರ ಎರರ್.

ಮತ್ತೆ ಕಳಿಸೋದು ಅಂದ್ನಲ್ಲ, ಅದ್ರಲ್ಲೂ ಒಂದು ಹದ ಬೇಕು. ಕರೆಂಟ್ ಬಂದು ಟವರ್ ಎದ್ದ ಕೂಡ್ಲೆ ಆ ಭಾಗದ ಎಲ್ಲ ಟ್ಯಾಬುಗಳೂ ಒಂದೇ ಸಲ ಬಾಗಿಲು ಬಡಿಯೋಕೆ ಶುರು ಮಾಡಿದ್ರೆ, ಈಗಷ್ಟೇ ಸುಧಾರಿಸ್ಕೊಳ್ತಾ ಇರೋ ಸರ್ವರ್ ಮತ್ತೆ ಮಲಗತ್ತೆ. 1 ಸೆಕೆಂಡ್ ಬಿಟ್ಟು, ಆಮೇಲೆ 2, 4, 8 ಹಿಂಗೆ ಅಂತರ ಜಾಸ್ತಿ ಮಾಡ್ತಾ ಹೋಗೋದು, ಜೊತೆಗೆ ಪ್ರತಿ ಟ್ಯಾಬಿಗೂ ಅದ್ರಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಇರೋ ಹಂಗೆ ಲಾಟರಿ ಹಾಕೋದು, ಇದಕ್ಕೆ ಜಿಟರ್ ಅಂತಾರೆ. ಜಿಟರ್ ಇಲ್ದೆ ಬರೀ ಅಂತರ ಜಾಸ್ತಿ ಮಾಡಿದ್ರೆ ಎಲ್ರೂ ಒಟ್ಟಿಗೇ ಕಾದು ಒಟ್ಟಿಗೇ ಬರ್ತಾರೆ, ಪ್ರಯೋಜನ ಇಲ್ಲ. ಇನ್ನೊಂದು, ರಿಟ್ರೈ ಯಾವುದಾದ್ರೂ ಒಂದೇ ಜಾಗದಲ್ಲಿರ್ಲಿ. ಆ್ಯಪಲ್ಲಿ 3 ಸಲ, ಗೇಟ್‌ವೇಲಿ 3 ಸಲ, ಒಳಗಿನ ಸರ್ವಿಸಲ್ಲಿ 3 ಸಲ ಅಂತ ಮೂರು ಜನ ಮೂರು ಕಡೆ ಒಳ್ಳೇ ಮನಸ್ಸಲ್ಲಿ ಬರ್ದಿಟ್ರೆ ಕೆಳಗಿರೋ ಡೇಟಾಬೇಸಿಗೆ 27 ಏಟು ಬೀಳತ್ತೆ, ಅದೂ ಅದು ಆಗ್ಲೇ ಸುಸ್ತಾಗಿರುವಾಗ.

ಟೈಮೌಟ್ ಬಗ್ಗೆ ಜಾಸ್ತಿ ಹೇಳಲ್ಲ, ಹೊರಗಿನವ್ನ ತಾಳ್ಮೆಗಿಂತ ಒಳಗಿನವ್ನ ತಾಳ್ಮೆ ಕಮ್ಮಿ ಇರ್ಬೇಕು, ಅಷ್ಟೇ. ಟ್ಯಾಬ್ 10 ಸೆಕೆಂಡಿಗೆ ಕೈ ಬಿಟ್ಟು ಹೋದ್ಮೇಲೂ ಸರ್ವರ್ 60 ಸೆಕೆಂಡ್ ತನಕ ಕ್ವೆರಿ ಓಡಿಸ್ತಾ ಇದ್ರೆ ಯಾರಿಗೋಸ್ಕರ? ಜಿಆರ್‌ಪಿಸಿಲಿ (ರಿಮೋಟ್ ಪ್ರೊಸೀಜರ್ ಕಾಲ್ ಮಾಡೋಕಿರೋ ಒಂದು ಸಾಧನ) ಡೆಡ್‌ಲೈನ್ ಅನ್ನೋದಿದೆ, ಇಷ್ಟು ಹೊತ್ತಿನ ಒಳಗೆ ಬೇಕು ಅನ್ನೋದನ್ನ ಕಾಲ್ ಜೊತೆನೇ ಕಳಿಸಬಹುದು, ಒಳಗಿನ ಸರ್ವಿಸಿಗೂ ದಾಟಿಸಬಹುದು. ಚೆನ್ನಾಗಿದೆ, ಬಳಸಿ.

ಇನ್ನು ಕಾಯೋದೇ ಬೇಡ ಅನ್ನೋ ಪ್ಯಾಟರ್ನುಗಳು. ನಮ್ಮ ಕಡೆ ಕುಮಟಾಕ್ಕೋ ಕಾರವಾರಕ್ಕೋ ಒಂದು ಕಟ್ಟು ಕಳಿಸ್ಬೇಕು ಅಂದ್ರೆ ಬಸ್ಸಿಗೆ ಕೊಟ್ಟು ಬರ್ತೀವಲ್ಲ, ಕ್ಯೂ ಅಂದ್ರೆ ಅದೇ. ಆ ಕಡೆಯವ್ರು ಈಗ ಊಟ ಮಾಡ್ತಿದಾರೋ ಮಲಗಿದಾರೋ ನಂಗೆ ಬೇಕಿಲ್ಲ, ಬಸ್ಸಿನವ್ರು ತಗೊಂಡ್ರು ಅನ್ನೋದು ಖಾತ್ರಿ ಆದ್ರೆ ನನ್ನ ಕೆಲಸ ಆಯ್ತು. ಆದ್ರೆ ಆ ಖಾತ್ರಿ ಬೇಕೇ ಬೇಕು. ರ‍್ಯಾಬಿಟ್‌ಎಂಕ್ಯೂಲಿ (ಕ್ಯೂ ನಡೆಸೋ ಒಂದು ಸಾಫ್ಟ್‌ವೇರ್) ಪಬ್ಲಿಷರ್ ಕನ್ಫರ್ಮ್ ಅಂತ ಇದೆ, ಬ್ರೋಕರ್, ಅಂದ್ರೆ ನಡುವಿನ ಬಸ್ಸಿನವ್ನು, ತಗೊಂಡೆ ಅಂತ ಹೇಳೋದು, ಅದನ್ನ ಆನ್ ಮಾಡ್ದೆ ಕಳಿಸಿ, ಮೆಸೇಜ್ ಮಾಯ ಆಯ್ತು ಅಂತ ಕ್ಯೂಗೆ ಬೈಯೋರು ಇದಾರೆ.

ಆ ತುದಿಲಿ ಕೆಲಸ ಮಾಡೋ ವರ್ಕರ್ ಮೆಸೇಜ್ ತಗೊಂಡು, ಕೆಲಸ ಮುಗಿಸಿ, ಆಮೇಲೆ ಆ್ಯಕ್ ಕೊಡ್ಬೇಕು. ಮೊದ್ಲೇ ಆ್ಯಕ್ ಕೊಟ್ಟು ಆಮೇಲೆ ಸತ್ರೆ ಮೆಸೇಜ್ ಹೋಯ್ತು. ಕೆಲಸ ಮುಗಿಸಿ ಆ್ಯಕ್ ಕೊಡೋ ಮೊದಲು ಸತ್ರೆ ಅದೇ ಮೆಸೇಜ್ ಇನ್ನೊಬ್ಬ ವರ್ಕರಿಗೆ ಮತ್ತೆ ಹೋಗತ್ತೆ. ನೋಡಿ, ಅದೇ ಕಳೆದುಹೋದ ಉತ್ತರ, ಜಾಗ ಬದಲಾಗಿದೆ ಅಷ್ಟೇ! ಕ್ಯೂ ಹಾಕಿದ್ರೆ ಸಮಸ್ಯೆ ಪರಿಹಾರ ಆಗತ್ತೆ ಅಂದ್ಕೊಂಡವ್ರು ಇಲ್ಲಿ ಸರಿಯಾಗಿ ನೋಡ್ಬೇಕು. ಅಮೆಜಾನಿನ ಎಸ್‌ಕ್ಯೂಎಸ್ ಅನ್ನೋ ಕ್ಯೂ ಸೇವೆಲಿ ಇದು ಇನ್ನೂ ನವಿರಾಗಿದೆ, ಒಬ್ಬ ವರ್ಕರ್ ಮೆಸೇಜ್ ತಗೊಂಡ್ರೆ ಅದು ಬೇರೆಯವ್ರಿಗೆ 30 ಸೆಕೆಂಡ್ ಕಾಣಲ್ಲ, ಇದು ಅದ್ರ ಡೀಫಾಲ್ಟು, ನಿಮ್ಮ ಕೆಲಸ 40 ಸೆಕೆಂಡ್ ಹಿಡೀತು ಅಂದ್ರೆ ಯಾರೂ ಸಾಯ್ದೇನೇ ಇಬ್ರು ಅದೇ ಕೆಲಸ ಮಾಡ್ತಾರೆ. ಹಂಗಾಗಿ ಕ್ಯೂನ ಆ ತುದಿಲೂ ಐಡಿ ನೋಡೋ ಕೆಲಸ ತಪ್ಪಲ್ಲ.

ಎಲ್ಲಾದಕ್ಕೂ ಅಷ್ಟು ಬಿಗಿ ಬೇಕಾ ಅಂದ್ರೆ ಬೇಡ. ತೂಕ ಆಯ್ತು ಅಂತ ರೈತ್ರಿಗೆ ಎಸ್ಸೆಮ್ಮೆಸ್ ಹೋಗತ್ತೆ, ಅದು ಎರಡು ಸಲ ಹೋದ್ರೆ ಆಕಾಶ ಬೀಳಲ್ಲ, ಹೆಚ್ಚಂದ್ರೆ ಯಾರಾದ್ರೂ ಹೆಗಡೇರು ಫೋನ್ ಮಾಡಿ "ತಮಾ, ಮೆಸೇಜು ಎರಡ್ ಸಲ ಬೈಂದು, ದುಡ್ಡೂ ಎರಡ್ ಸಲ ಬತ್ತಾ?" ಅಂತ ನಗಾಡ್ತಾರೆ. ಖಾತೆಗೆ ಜಮಾ ಮಾತ್ರ ಒಂದೇ ಸಲ ಆಗ್ಬೇಕು. ಯಾವುದು ಎರಡು ಸಲ ಆದ್ರೆ ಪರವಾಗಿಲ್ಲ, ಯಾವುದು ಆಗದೇ ಹೋದ್ರೆ ಪರವಾಗಿಲ್ಲ ಅನ್ನೋ ಪಟ್ಟಿ ಅಕೌಂಟ್ಸ್ ನೋಡೋರ ಜೊತೆ ಕೂತು ಮಾಡ್ಬೇಕು. ಪ್ರೋಗ್ರಾಮರುಗಳು ತಾವೇ ಕೂತು ಮಾಡಿದ ಇಂಥ ಪಟ್ಟಿ ಮೇಲೆ ನಂಗೆ ನಂಬಿಕೆ ಇಲ್ಲ.

ಡೇಟಾಬೇಸಲ್ಲಿ ಎಂಟ್ರಿ ಹಾಕಿ ಕ್ಯೂಗೂ ಮೆಸೇಜ್ ಹಾಕೋದು ಅಂತ ಎರಡು ಕೆಲಸ ಒಟ್ಟಿಗೆ ಇರತ್ತಲ್ಲ, ಅದ್ರ ನಡುವೆ ಸರ್ವರ್ ಬಿದ್ರೆ ಎಂಟ್ರಿ ಇದೆ ಮೆಸೇಜ್ ಇಲ್ಲ. ಇದಕ್ಕೆ ಔಟ್‌ಬಾಕ್ಸ್ ಅಂತ ಒಂದು ಟೇಬಲ್ ಇಟ್ಟು, ಎಂಟ್ರಿ ಹಾಕೋ ಟ್ರಾನ್ಸಾಕ್ಷನಲ್ಲೇ "ಈ ಮೆಸೇಜ್ ಕಳಿಸ್ಬೇಕು" ಅಂತ ಅಲ್ಲೂ ಒಂದು ಸಾಲು ಬರ್ದು, ಬೇರೊಂದು ಪ್ರೋಗ್ರಾಮ್ ಅದನ್ನ ಓದಿ ಕ್ಯೂಗೆ ಹಾಕೋದು. ಸಣ್ಣ ಟೀಮ್ ಆದ್ರೆ ಅಲ್ಲಿಗೇ ನಿಲ್ಸಿ ಅಂತೀನಿ ನಾನು, ಬೇರೆ ಕ್ಯೂನೇ ಬೇಡ. ಪೋಸ್ಟ್‌ಗ್ರೆಸ್ ಅನ್ನೋ ಡೇಟಾಬೇಸಲ್ಲಿ ವರ್ಷನ್ 9.5, ಅಂದ್ರೆ 2016ರಿಂದ ಸ್ಕಿಪ್ ಲಾಕ್ಡ್ ಅನ್ನೋ ಸೌಲಭ್ಯ ಇದೆ, ಒಬ್ಬ ವರ್ಕರ್ ಹಿಡ್ಕೊಂಡ ಸಾಲನ್ನ ಬಿಟ್ಟು ಮುಂದಿನದನ್ನ ಇನ್ನೊಬ್ಬ ತಗೋಬಹುದು, ಟೇಬಲ್ಲೇ ಕ್ಯೂ ಆಗತ್ತೆ. ನಮ್ದು ಹಂಗೇ ಓಡ್ತಿರೋದು. ಬೆಂಗಳೂರಿನ ಗೆಳೆಯರು ಇದನ್ನ ಕೇಳಿ ಮೂಗು ಮುರೀತಾರೆ, ಮುರಿಯಲಿ, ರಾತ್ರಿ ಹನ್ನೊಂದಕ್ಕೆ ಎದ್ದು ನೋಡ್ಬೇಕಾದ ಮಷೀನು ಒಂದು ಕಮ್ಮಿ ಆಯ್ತಲ್ಲ.

ಪಬ್‌ಸಬ್ ಬೇರೆ ಸ್ವಭಾವದ್ದು. ಕ್ಯೂಲಿರೋ ಮೆಸೇಜು ಒಬ್ರಿಗೆ ಹೇಳೋ ಕೆಲಸ, "ಇದನ್ನ ಮಾಡು" ಅಂತ. ಪಬ್‌ಸಬ್ಬಲ್ಲಿ ಹೋಗೋದು ಸುದ್ದಿ, "ಇದು ಆಯ್ತು" ಅಂತ, ಯಾರಿಗೆ ಬೇಕೋ ಅವ್ರು ಕೇಳಿಸ್ಕೊಳ್ಳಿ. ಟೆಂಡರ್ ಮುಗಿದು ದಿನದ ದರ ನಿಂತ್ಮೇಲೆ ಅದು ಟ್ಯಾಬುಗಳಿಗೂ ಬೇಕು, ರೈತ್ರ ಆ್ಯಪಿಗೂ ಬೇಕು, ಲೆಕ್ಕದವ್ರ ರಿಪೋರ್ಟಿಗೂ ಬೇಕು, ನಾಳೆ ಇನ್ಯಾರೋ ಬರ್ತಾರೆ. ದರ ಹೇಳೋನು ಇವ್ರನ್ನೆಲ್ಲ ಗೊತ್ತಿಟ್ಕೋಬೇಕಿಲ್ಲ. ಲಿಂಕ್ಡ್‌ಇನ್‌ನವ್ರು 2011ರಲ್ಲಿ ಓಪನ್ ಸೋರ್ಸ್ ಮಾಡಿದ ಕಾಫ್ಕಾ ಇದನ್ನ ಇನ್ನೂ ಮುಂದೆ ತಗೊಂಡು ಹೋಯ್ತು, ಸುದ್ದಿನ ಹೇಳಿ ಮರೆಯೋದಲ್ಲ, ಕಡತದ ತರ ಬರ್ದಿಡೋದು, ಕೇಳೋರು ತಾವು ಎಲ್ಲಿ ತನಕ ಓದಿದೀವಿ ಅಂತ ಗುರುತು ಇಟ್ಕೊಳ್ಳೋದು, ಬೇಕಾದ್ರೆ ಹಿಂದಿಂದ ಮತ್ತೆ ಓದೋದು. ಆದ್ರೆ ಸರದಿ ತಪ್ಪದೇ ಬರತ್ತೆ ಅನ್ನೋ ಭರವಸೆ ಒಂದು ಪಾರ್ಟಿಷನ್ ಒಳಗೆ ಮಾತ್ರ, ಅಂದ್ರೆ ಆ ಕಡತನ ಹಂಚಿದ ಭಾಗಗಳಲ್ಲಿ ಒಂದರ ಒಳಗೆ, ಒಂದೇ ಕೀ ಇರೋದೆಲ್ಲ ಒಂದೇ ಭಾಗಕ್ಕೆ ಹೋಗತ್ತೆ. ಒಬ್ಬ ರೈತ್ರ ತೂಕ, ತಿದ್ದುಪಡಿ, ಪಾವತಿ ಎಲ್ಲ ಸರದಿಲಿ ಬೇಕು ಅಂದ್ರೆ ಅವರ ಖಾತೆ ನಂಬರೇ ಕೀ ಆಗ್ಬೇಕು, ಇಲ್ಲಾಂದ್ರೆ ತಿದ್ದುಪಡಿ ಮೊದಲು ಬಂದು ತೂಕ ಆಮೇಲೆ ಬರತ್ತೆ.

ತಪ್ಪದೇ ಆಗ್ಬೇಕಾದ ಕೆಲಸನ ಸುದ್ದಿ ರೂಪದಲ್ಲಿ ಕಳಿಸೋದು ನಾನು ಒಪ್ಪಲ್ಲ. "ತೂಕ ಆಯ್ತು" ಅಂತ ಸುದ್ದಿ ಬಿಟ್ಟು, ಪಾವತಿ ಸರ್ವಿಸ್ ಕೇಳಿಸ್ಕೊಂಡು ದುಡ್ಡು ಹಾಕತ್ತೆ ಅಂತ ನಂಬಿ ಕೂತ್ರೆ, ಅದು ಹಾಕ್ಲಿಲ್ಲ ಅನ್ನೋದು ಗೊತ್ತಾಗೋದು ರೈತ್ರು ಬಂದು ಕೌಂಟರಲ್ಲಿ ನಿಂತಾಗ. ಯಾರು ಉತ್ತರ ಕೊಡ್ಬೇಕು ಅನ್ನೋದೇ ಅಲ್ಲಿ ಇಲ್ವಲ್ಲ.

ಎಂಕ್ಯೂಟಿಟಿ ಅನ್ನೋ ಪಬ್‌ಸಬ್ ಪ್ರೋಟೋಕಾಲ್ ಬಗ್ಗೆನೂ ಒಂದೆರಡು ಮಾತು ಹೇಳ್ಬೇಕು, ಯಾಕಂದ್ರೆ ನಮ್ಮಂತ ಊರಿಗೆ ಹೇಳಿ ಮಾಡ್ಸಿದ ಹಂಗಿದೆ. 1999ರಲ್ಲಿ ಐಬಿಎಂನ ಆ್ಯಂಡಿ ಸ್ಟ್ಯಾನ್‌ಫರ್ಡ್-ಕ್ಲಾರ್ಕ್ ಮತ್ತೆ ಆರ್ಕಾಮ್ ಕಂಪನಿಯ ಆರ್ಲೆನ್ ನಿಪ್ಪರ್ ತೈಲ ಪೈಪ್‌ಲೈನ್ ಮೇಲೆ ಕಣ್ಣಿಡೋಕೆ ಅಂತ ಮಾಡಿದ್ದು, ಸ್ಯಾಟಲೈಟ್ ಲಿಂಕು ದುಬಾರಿ, ಬ್ಯಾಂಡ್‌ವಿಡ್ತ್ ಕಮ್ಮಿ, ಹಂಗಾಗಿ ಹೆಡರ್ ಬರೀ 2 ಬೈಟಿಂದ ಶುರು. ತೋಟದಲ್ಲಿ ಮಳೆ ಮಾಪಕ ಇಟ್ಟಿರೋರ ಜೊತೆ ನಾನೂ ಸ್ವಲ್ಪ ಕೈ ಆಡಿಸಿದೀನಿ, ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡಿಯೋಕೆ ಹೊಳವು (ಮಳೆ ಬಿಡುವು) ಯಾವಾಗ ಸಿಗತ್ತೆ ಅಂತ ಲೆಕ್ಕ ಹಾಕೋರಿಗೆ ಮಳೆ ಅಂಕಿ ಬೇಕಲ್ಲ. ಎಂಕ್ಯೂಟಿಟಿಲಿ ಮೂರು ದರ್ಜೆ ಇದೆ, 0 ಅಂದ್ರೆ ಕಳಿಸಿ ಮರೆತುಬಿಡು, 1 ಅಂದ್ರೆ ತಲುಪೋ ತನಕ ಕಳಿಸು, ಎರಡು ಸಲ ಹೋದ್ರೂ ಹೋಗ್ಲಿ, 2 ಅಂದ್ರೆ ಸರಿಯಾಗಿ ಒಂದೇ ಸಲ, ಅದಕ್ಕೆ ನಾಲ್ಕು ಪ್ಯಾಕೆಟ್ ಓಡಾಡತ್ತೆ. ಎಲ್ರೂ 2 ಅಂತ ಕೇಳಿದ ಕೂಡ್ಲೆ ಅದನ್ನೇ ಹಾಕ್ತಾರೆ. ಆ ಖಾತ್ರಿ ಇರೋದು ಸೆನ್ಸರ್ ಮತ್ತೆ ಬ್ರೋಕರ್ ನಡುವೆ, ಬ್ರೋಕರ್ ಮತ್ತೆ ಕೇಳೋನ ನಡುವೆ ಬೇರೆ, ಕೇಳಿದವ್ನು ಡೇಟಾಬೇಸಿಗೆ ಬರಿಯೋ ಮೊದಲು ಬಿದ್ರೆ ಪ್ರೋಟೋಕಾಲ್ ಎಂತ ಮಾಡೋಕಾಗತ್ತೆ. ಸಾಲ್ಟ್‌ಜರ್, ರೀಡ್, ಕ್ಲಾರ್ಕ್ ಮೂವರೂ ಸೇರಿ 1980ರ ದಶಕದಲ್ಲೇ ಇದನ್ನ ವಾದ ಮಾಡಿ ತೋರ್ಸಿದಾರೆ, ಕೊನೇ ಖಾತ್ರಿ ಎರಡು ತುದಿಯ ಪ್ರೋಗ್ರಾಮುಗಳೇ ಮಾಡ್ಕೋಬೇಕು, ನಡುವಿನ ನೆಟ್‌ವರ್ಕ್ ಎಷ್ಟು ಮಾಡಿದ್ರೂ ಸಾಕಾಗಲ್ಲ ಅಂತ.

ಮಳೆ ಮಾಪಕದಲ್ಲಿ ನಾವು 0 ದರ್ಜೆಲೇ ಕಳಿಸ್ತೀವಿ, ಆದ್ರೆ ಕಳಿಸೋ ಅಂಕಿ ಬೇರೆ. "ಈ ಹತ್ತು ನಿಮಿಷದಲ್ಲಿ 3 ಮಿಮೀ ಬಂತು" ಅಂತ ಕಳ್ಸಿದ್ರೆ ಒಂದು ಮೆಸೇಜ್ ಕಳೆದ್ರೆ 3 ಮಿಮೀ ಹೋಯ್ತು, ಎರಡು ಸಲ ಬಂದ್ರೆ 6 ಆಯ್ತು. ಅದ್ರ ಬದ್ಲು "ಬೆಳಿಗ್ಗೆಯಿಂದ ಈ ತನಕ ಒಟ್ಟು 87" ಅಂತ ಕಳ್ಸಿದ್ರೆ ಕಳೆದ್ರೂ ತೊಂದ್ರೆ ಇಲ್ಲ, ಎರಡು ಸಲ ಬಂದ್ರೂ ಇಲ್ಲ, ಮುಂದಿನ ಮೆಸೇಜ್ ಬಂದ್ರೆ ಎಲ್ಲ ಸರಿ ಹೋಗತ್ತೆ. ಐಡಿ ಬೇಡ, ಆ್ಯಕ್ ಬೇಡ. ಬದಲಾವಣೆ ಕಳಿಸೋ ಬದ್ಲು ಸ್ಥಿತಿ ಕಳಿಸೋಕೆ ಆಗತ್ತಾ ಅಂತ ಎಲ್ಲಾ ಕಡೆ ಒಂದ್ಸಲ ಕೇಳ್ಕೊಳ್ಳಿ, ಆಗತ್ತೆ ಅಂದ್ರೆ ಅರ್ಧ ತಲೆನೋವು ಅಲ್ಲೇ ಮುಗೀತು. ತೂಕದಲ್ಲಿ ಆಗಲ್ಲ, ದರದಲ್ಲಿ ಆಗತ್ತೆ, ಮಳೆಲಿ ಆಗತ್ತೆ.

ಹಿಂಗೆಲ್ಲ ಹೇಳಿ ಎಲ್ಲಾದನ್ನೂ ಕಾಯದೇ ಮಾಡಿ ಅಂತಿಲ್ಲ. ಟೆಂಡರ್ ಬಿಡ್ ಇದೆಯಲ್ಲ, ಅದು ಅಪ್ಪಟ ರಿಕ್ವೆಸ್ಟ್-ರಿಪ್ಲೈ. ವ್ಯಾಪಾರಿ ದರ ಹಾಕಿದ, ಸೇರ್ತೋ ಇಲ್ವೋ ಅಂತ ಆಗ್ಲೇ ಗೊತ್ತಾಗ್ಬೇಕು. ಅದನ್ನ ಕ್ಯೂಗೆ ಹಾಕಿ, ಸಿಗ್ನಲ್ ಬಂದ್ಮೇಲೆ ನಿಧಾನಕ್ಕೆ ಹೋಗ್ಲಿ ಅಂತ ಬಿಟ್ರೆ ಟೆಂಡರ್ ಮುಗಿದು ಚೀಲ ಲಾರಿ ಹತ್ತಿದ್ಮೇಲೆ ಬಿಡ್ ಬಂದು ಕೂರತ್ತೆ. ಇಂತ ಮೆಸೇಜಿಗೆ ಆಯಸ್ಸು ಬರ್ದಿರ್ಬೇಕು, ಇಷ್ಟು ಗಂಟೆ ಆದ್ಮೇಲೆ ಇದು ಬೇಡ ಅಂತ, ಮತ್ತೆ ಗಂಟೆ ಅಂದ್ರೆ ಸರ್ವರಿಗೆ ಬಂದ ಗಂಟೆ, ಫೋನಿನ ಗಡಿಯಾರ ಅಲ್ಲ. ತೂಕಕ್ಕೆ ಉಲ್ಟಾ, ಅಲ್ಲಿ ಟ್ಯಾಬ್ ಹೇಳೋ ಗಂಟೆನೂ ಬೇಕು, ಸರ್ವರಿಗೆ ಬಂದ ಗಂಟೆನೂ ಬೇಕು, ಎರಡೂ ಬೇರೆ ಬೇರೆ ಕಾಲಮ್ಮಲ್ಲಿ ಇಡಿ.

ಕೊನೇದಾಗಿ ಹಳೇ ಮೆಸೇಜುಗಳ ವಿಷಯ. ಆಫ್‌ಲೈನ್ ಕ್ಲೈಂಟ್ ಇಟ್ಕೊಂಡ್ರೆ ಇದು ಬಂದೇ ಬರತ್ತೆ. ಯಾವುದೋ ಕೇಂದ್ರದ ಟ್ಯಾಬ್ ಕಪಾಟಲ್ಲಿ ಮಲಗಿರತ್ತೆ, ಅದ್ರೊಳಗೆ ಕಳಿಸದೇ ಉಳಿದ ಎಂಟ್ರಿ ಇರತ್ತೆ, ನಾವು ಅಷ್ಟರಲ್ಲಿ ಮೆಸೇಜಿನ ರೂಪ ಬದಲಾಯಿಸಿ ಹೊಸ ವರ್ಷನ್ ಬಿಟ್ಟಿರ್ತೀವಿ, ಯಾರೋ ಚಾರ್ಜಿಗೆ ಹಾಕ್ತಾರೆ, ಅದು ಹಳೇ ರೂಪದಲ್ಲಿ ಕಳಿಸತ್ತೆ. ಸರ್ವರ್ "ಅರ್ಥ ಆಗ್ಲಿಲ್ಲ" ಅಂತ 400 ಅನ್ನೋ ಎರರ್ ಕೋಡ್ ಕೊಟ್ರೆ ಟ್ಯಾಬ್ ಅದನ್ನ ಬಿಸಾಕತ್ತಾ, ಇಲ್ಲಾ ಜನ್ಮ ಇಡೀ ಮತ್ತೆ ಮತ್ತೆ ಕಳಿಸ್ತಾ ಇರತ್ತಾ? ಎರಡೂ ಬೇಡ. ಪ್ರತಿ ಮೆಸೇಜಲ್ಲೂ ವರ್ಷನ್ ನಂಬರ್ ಇರತ್ತೆ ನಮ್ದು, ಸರ್ವರ್ ಅರ್ಥ ಆಗದ್ದನ್ನೂ ಮೊದಲು ಇದ್ದ ಹಂಗೇ ಒಂದು ಟೇಬಲಲ್ಲಿ ಇಟ್ಕೊಂಡು 202 ಅನ್ನೋ ಕೋಡ್ ಕೊಡತ್ತೆ, ಅಂದ್ರೆ ತಗೊಂಡಿದೀನಿ, ಇನ್ನೂ ಮುಗಿದಿಲ್ಲ ಅಂತ. ಟ್ಯಾಬ್ ಅದನ್ನ ಹಳದಿಲಿ ತೋರಿಸತ್ತೆ. ಆ ಟೇಬಲಿಗೆ ಬೇರೆಯವ್ರು ಡೆಡ್ ಲೆಟರ್ ಕ್ಯೂ ಅಂತಾರೆ, ಬಹಳ ಕಡೆ ಅದಕ್ಕೆ ಮೆಸೇಜ್ ಹೋಗತ್ತೆ, ನೋಡೋರು ಇರಲ್ಲ. ನಮ್ಮಲ್ಲಿ ಬೆಳಿಗ್ಗೆ ಕೌಂಟರ್ ತೆಗೆಯೋ ಮೊದಲು ಲೆಕ್ಕದ ವಿಭಾಗದವ್ರೇ ಆ ಪಟ್ಟಿ ತೆಗೆದು ನೋಡ್ತಾರೆ. ಎಷ್ಟು ಮೆಸೇಜ್ ಬಿದ್ದಿದೆ ಅನ್ನೋದಲ್ಲ ಪಟ್ಟಿಯ ಮೇಲ್ಗಡೆ ಇರೋದು, ಎಲ್ಲಕ್ಕಿಂತ ಹಳೇದು ಎಷ್ಟು ದಿನದ್ದು ಅನ್ನೋದು, ಜೊತೆಗೆ ಯಾವ ಕೇಂದ್ರದ್ದು, ಯಾರ ಚೀಲ.